ಬಲ್ಬ್ ಕಿತ್ತರೆ ದೀಪ ಆರುತ್ತೆ, ಅಷ್ಟೇ

ನಮ್ಮ ಇಂಡಿ, ಸಿಂದಗಿ ಕಡೆ ಕಾರು ಅಂದರೆ ಅರ್ಧ ಸರಕು ಗಾಡಿ. ನಿಂಬೆಹಣ್ಣಿನ ಚೀಲ, ಗೊಬ್ಬರ, ರಿಪೇರಿಗೆ ಹೊರಟ ಪಂಪ್‌ಸೆಟ್ ಸ್ಟಾರ್ಟರ್, ಎಲ್ಲ ಸೀಟಿನಡಿ ತುರುಕಿದ್ದೇ. ಆಮೇಲೆ ಮೀಟರಿನಲ್ಲಿ ಏರ್‌ಬ್ಯಾಗ್ ದೀಪ ಹತ್ತಿ ಕೂತಿತೆಂದರೆ ಗ್ಯಾರೇಜಿನಲ್ಲಿ ಸಿಗುವ ಸಲಹೆ: “ಅಣ್ಣಾರ, ಬಲ್ಬ್ ತೆಗೆದ ಬಿಡೋಣ್ರೀ, ಗಾಡಿ ಏನ್ ನಿಂದ್ರಂಗಿಲ್ಲ.”

ಗಾಡಿ ನಿಲ್ಲುವುದಿಲ್ಲ, ನಿಜ. ಡಿಕ್ಕಿಯಾದಾಗ ಏರ್‌ಬ್ಯಾಗ್ ಬಿಚ್ಚಿಕೊಳ್ಳದೇ ಹೋಗಬಹುದು, ಅದೂ ನಿಜ. 2019ರ ಜುಲೈಯಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ; ಅದರ ದುಡ್ಡನ್ನೂ ನಾವೇ ಕೊಟ್ಟಿರುತ್ತೇವೆ.

ಎಷ್ಟೋ ಸಲ ದೋಷ ಸಣ್ಣದು. ಸೀಟಿನಡಿಯ ಹಳದಿ ಕನೆಕ್ಟರ್ ಚೀಲ ತಾಗಿ ಸಡಿಲಾಗಿರುತ್ತದೆ, ಮೇಲೆ ಎರೆಮಣ್ಣಿನ ಧೂಳು. ಹಾರ್ನೂ ಕೈಕೊಟ್ಟಿದ್ದರೆ ಸ್ಟೀರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ ಮೇಲೆ ಅನುಮಾನ. ಎಂಜಿನ್ ಕೋಡ್ ಮಾತ್ರ ಓದುವ ಅಗ್ಗದ ಸ್ಕ್ಯಾನರ್ ಇದಕ್ಕೆ ಸಾಲದು, ಏರ್‌ಬ್ಯಾಗ್ ಕೋಡ್ ಓದುವುದೇ ಬೇಕು. ಮುದ್ದೇಬಿಹಾಳದಲ್ಲೋ ಬಸವನ ಬಾಗೇವಾಡಿಯಲ್ಲೋ ಸಿಗದಿದ್ದರೆ ವಿಜಯಪುರಕ್ಕೆ ಒಯ್ಯಿರಿ. ವೈರಿಗೆ ಕೈ ಹಾಕುವ ಮುನ್ನ ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕಳಚಿ, ಕಂಪನಿಯ ಪುಸ್ತಕ ಹೇಳಿದಷ್ಟು ಹೊತ್ತು ಕಾಯಲೇಬೇಕು. ಮಲ್ಟಿಮೀಟರ್ ಹಚ್ಚಿ ಏರ್‌ಬ್ಯಾಗನ್ನೇ ಪರೀಕ್ಷಿಸುವ ಜಾಣತನ ಬೇಡವೇ ಬೇಡ, ಮುಖದ ಮೇಲೇ ಸಿಡಿದೀತು.

ಹಳೇ ಕಾರು ಕೊಳ್ಳುವವರಿಗೊಂದು ಮಾತು: ಕೀ ತಿರುಗಿಸಿದಾಗ ಆ ದೀಪ ಹತ್ತಿ, ಕೆಲವೇ ಸೆಕೆಂಡಿನಲ್ಲಿ ಆರಬೇಕು. ಹತ್ತಲೇ ಇಲ್ಲವೆಂದರೆ ಯಾರೋ ಬಲ್ಬ್ ಕಿತ್ತಿರಬಹುದು. ಸ್ಕ್ಯಾನ್ ಮಾಡಿಸದೆ ಮುಂಗಡ ಕೊಡಬೇಡಿ.