ಸೊಲ್ಲು ಹಿಡಿಯುವವರು

ಅಪ್ಸರಕೊಂಡ
ಆಷಾಢದ ಒಂದು ಮಧ್ಯಾಹ್ನ, 2025

ಪ್ರೀತಿಯ ತಂಗೀ,

ನೀನು ಅಮೃತಸರದಿಂದ ಕಳಿಸಿದ ಹಾಡನ್ನು ಮೊನ್ನೆ ಜಗುಲಿಯಲ್ಲಿ ಕೂತು ಕೇಳಿದೆ. ಕೇಳಿದೆ ಅನ್ನುವುದು ಅರ್ಧ ಸುಳ್ಳು. ಈ ವಾರದ ಮಳೆಗೆ ನಮ್ಮ ಜಲಪಾತ ಹಗಲೂ ರಾತ್ರಿ ಬೊಬ್ಬೆ ಹೊಡೆಯುತ್ತಿದೆ, ಕೆಳಗೆ ಕಡಲೂ ಸುಮ್ಮನಿಲ್ಲ. ಕೊನೆಗೆ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಇನ್ನೊಮ್ಮೆ ಹಚ್ಚಿದೆ. ಗುರ್ಮೀತ್ ಬಾವಾ ಶುರುವಿಗೇ ಆ ಹೇಕ್, ಅದೇ ಆ ಉದ್ದನೆಯ ಆಲಾಪ, ಎತ್ತಿದರು ನೋಡು, ಕೈಯಲ್ಲಿದ್ದ ಅಡಿಕೆ ಕೈಯಲ್ಲೇ ಉಳಿಯಿತು. 45 ಸೆಕೆಂಡು ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದರಂತೆ ಎಂದು ನೀನು ಬರೆದಿದ್ದೆಯಲ್ಲ, ಮೊಮ್ಮಗ ಗಡಿಯಾರ ಹಿಡಿದುಕೊಂಡು ತಾನೂ ಪ್ರಯತ್ನ ಮಾಡಿದ. ಹದಿನೆಂಟಕ್ಕೆ ಕೆಮ್ಮು ಬಂತು.

1944ರಲ್ಲಿ ಗುರುದಾಸಪುರದ ಕಡೆಯ ಹಳ್ಳಿಯಲ್ಲಿ ಹುಟ್ಟಿದ ಹೆಣ್ಣುಮಗಳು ಮದುವೆಯಾದ ಮೇಲೆ ಓದಿ ಟೀಚರಾಗಿದ್ದು, ಗಂಡ ಕಿರ್ಪಾಲ್ ಬಾವಾ ಜತೆಗೆ ನಿಂತು ಹಾಡಿದ್ದು, ಹೆಣ್ಣುಮಕ್ಕಳೂ ಅದೇ ದಾರಿ ಹಿಡಿದದ್ದು, ಎಲ್ಲ ಚೆಂದ ಬರೆದಿದ್ದೀಯ. 2021ರ ನವೆಂಬರಿನಲ್ಲಿ ತೀರಿಕೊಂಡ ಮೇಲೆ ಪದ್ಮಭೂಷಣ ಬಂತು ಎಂದು ನಿನಗೆ ಸಿಟ್ಟು ಬಂದದ್ದೂ ಸರಿಯೇ. ಆದರೆ ನಿನ್ನ ಪತ್ರದ ಕೊನೆಯ ಸಾಲು ನನಗೆ ಚುಚ್ಚಿತು. ‘ಇಂಥವರು ನಮ್ಮ ಕಡೆ ಯಾರೂ ಇರಲಿಲ್ಲವಲ್ಲ ಅಕ್ಕಾ’ ಅಂತ.

ಅಲ್ವೇ ಮಾರಾಯ್ತಿ, ಸುಕ್ರಜ್ಜಿಯನ್ನು ಮರೆತೆಯಾ?

ಇಲ್ಲಿಂದ ಶರಾವತಿ, ಆಮೇಲೆ ಅಘನಾಶಿನಿ, ಆಮೇಲೆ ಗಂಗಾವಳಿ. ಮೂರು ಹೊಳೆ ದಾಟಿದರೆ ಅಂಕೋಲೆ. ಅಲ್ಲಿಯ ಬಡಗೇರಿಯ ಸುಕ್ರಿ ಬೊಮ್ಮಗೌಡ. ನಮ್ಮ ಹೊನ್ನಾವರ, ಕುಮಟೆ ಕಡೆ ಗದ್ದೆಗೆ ಇಳಿಯುತ್ತಿದ್ದ ಅದೇ ಹಾಲಕ್ಕಿ ಒಕ್ಕಲಿಗರ ಪೈಕಿ. ಅಕ್ಷರ ಕಲಿತವರಲ್ಲ; ಹಾಡು ತಾಯಿಯಿಂದ ಬಂದದ್ದು. ಎಷ್ಟು ಹಾಡು ಬರುತ್ತಿತ್ತು ಎನ್ನುವುದಕ್ಕೆ ಒಂದೊಂದು ಪತ್ರಿಕೆ ಒಂದೊಂದು ಲೆಕ್ಕ ಕೊಡುತ್ತದೆ, ಸಾವಿರ ಅನ್ನುವವರು, ಐದು ಸಾವಿರ ಅನ್ನುವವರು. ನನಗೆ ಆ ಲೆಕ್ಕವೇ ತಮಾಷೆ. ನೆಟ್ಟಿಯ ದಿನ ಬೆಳಗಿನಿಂದ ಸಂಜೆಯವರೆಗೆ ಹಾಡಿದರೆ ಅದು ಒಂದು ಹಾಡೋ ನಲವತ್ತೋ? ಕೊಯ್ಲಿಗೆ ಬೇರೆ, ಮದುವೆಯಲ್ಲಿ ಹೆಣ್ಣು ಕಳಿಸುವುದಕ್ಕೆ ಬೇರೆ, ತೊಟ್ಟಿಲಿಗೆ ಬೇರೆ. ಕೆಲಸ ಮುಗಿಯುವವರೆಗೆ ಹಾಡು ಬೆಳೆಯುತ್ತಿತ್ತು, ಅಷ್ಟೇ.

ಅವರ ಬದುಕು ನೀನು ಬರೆದ ಬಾವಾ ಅವರ ಬದುಕಿನ ಹಾಗಲ್ಲ. ಸಣ್ಣ ವಯಸ್ಸಿನಲ್ಲಿ, ತನಗಿಂತ ತುಂಬ ದೊಡ್ಡವನ ಜತೆ ಮದುವೆ. ಗಂಡನನ್ನು ಕುಡಿತ ತಿಂದಿತು. ಸಾಕಿಕೊಂಡ ಮಗನನ್ನೂ ಅದೇ ಕುಡಿತ ಬಿಡಲಿಲ್ಲ. ಹಾಡಿನಲ್ಲಿ ಜತೆಗೆ ನಿಲ್ಲಲು ಮನೆಯೊಳಗೆ ಯಾರೂ ಉಳಿಯದಿದ್ದಾಗ ಆ ಹೆಂಗಸು ಕೇರಿಗೆ ಹೊರಟರು. ಊರ ಹೆಂಗಸರನ್ನು ಕೂಡಿಸಿಕೊಂಡು ಕೊಟ್ಟೆ ಸಾರಾಯಿಯ ಎದುರು ನಿಂತರು. ಇದಕ್ಕೆ ಅವರ ಬೆನ್ನಿಗೆ ಇದ್ದವರು ಯಾರು ಗೊತ್ತಾ? ನಮ್ಮ ಕಾಸರಕೋಡಿನ ಸ್ನೇಹಕುಂಜದ ಡಾ. ಕುಸುಮಾ ಸೊರಬ. ನಿನಗೆ ಜ್ವರ ಬಂದಾಗೆಲ್ಲ ಆಯಿ ನಡೆಸಿಕೊಂಡು ಹೋಗುತ್ತಿದ್ದಳಲ್ಲ, ಅದೇ ಆಸ್ಪತ್ರೆ ಕಟ್ಟಿದವರು. 1998ರಲ್ಲಿ ರಸ್ತೆ ಅಪಘಾತದಲ್ಲಿ ಹೋದರು. ಅವರು ಹೋದ ದಿನ ಇಲ್ಲಿ ಮನೆಮನೆಯಲ್ಲೂ ಒಲೆ ತಡವಾಗಿ ಹೊತ್ತಿದ ನೆನಪು ನನಗಿದೆ. ಡಾಕ್ಟರು ಹೋದ ಮೇಲೂ ಸುಕ್ರಜ್ಜಿ ಆ ಮಾತು ಬಿಡಲಿಲ್ಲ. 2007ರ ಜುಲೈನಲ್ಲಿ ಸರ್ಕಾರ ರಾಜ್ಯದಲ್ಲೆಲ್ಲ ಸಾರಾಯಿ ನಿಲ್ಲಿಸಿತು. ಅದರ ಹಿಂದೆ ಎಷ್ಟೋ ಊರಿನ ಹೆಂಗಸರಿದ್ದರು, ಬಡಗೇರಿಯವರದ್ದೂ ಒಂದು ಕೂಗು. ಬೇರೆ ಬಾಟಲಿ ಅಂಗಡಿಗಳು ಉಳಿದವು, ಅದು ಬೇರೆ ಕತೆ.

ಪ್ರಶಸ್ತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ, ಜಾನಪದ ಶ್ರೀ, 2017ರಲ್ಲಿ ಪದ್ಮಶ್ರೀ. ದೆಹಲಿಗೂ ಅದೇ ಉಡುಗೆ, ಹೆಗಲಿನ ಮೇಲೆ ಗಂಟು ಹಾಕಿದ ಸೀರೆ, ಎದೆ ತುಂಬ ಮಣಿಸರ. ಪತ್ರಿಕೆಯವರು ಹಾಲಕ್ಕಿ ಕೋಗಿಲೆ ಎಂದು ಬರೆದರು. ನನಗೆ ಆ ಹೆಸರು ಅಷ್ಟು ಹಿಡಿಸುವುದಿಲ್ಲ. ಕೋಗಿಲೆಗೆ ಗದ್ದೆ ಕೆಲಸವಿಲ್ಲವಲ್ಲ. ವೇದಿಕೆ ಸಿಕ್ಕಿದಾಗೆಲ್ಲ ಅಜ್ಜಿ ಕೇಳುತ್ತಿದ್ದದ್ದು ಇನ್ನೊಂದನ್ನು, ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎನ್ನುವುದನ್ನು. ಹಾರ ಹಾಕಿದರು. ಆ ಬೇಡಿಕೆ ಮಾತ್ರ ಇನ್ನೂ ಈಡೇರಿಲ್ಲ.

ಹೋದ ಡಿಸೆಂಬರ್ 16ಕ್ಕೆ ಹೊನ್ನಳ್ಳಿಯ ತುಳಸಿ ಗೌಡರು ಹೋದರು, ಗಿಡ ನೆಟ್ಟ ಅಜ್ಜಿ. ಎರಡು ತಿಂಗಳೂ ತುಂಬಿರಲಿಲ್ಲ, ಫೆಬ್ರವರಿ 13ಕ್ಕೆ ಸುಕ್ರಜ್ಜಿ. ಒಂದೇ ತಾಲ್ಲೂಕು, ಒಂದೇ ಸಮುದಾಯ. ಆ ದಿನ ಟಿವಿಯಲ್ಲಿ ಅವರ ಹಾಡಿನ ತುಂಡು ತೋರಿಸಿದರು. ನೋಡುತ್ತ ನೋಡುತ್ತ ಏನೋ ಕೊರತೆ ಅನ್ನಿಸಿತು. ಆಮೇಲೆ ತಿಳಿಯಿತು, ಕ್ಯಾಮೆರಾ ಅವರೊಬ್ಬರ ಮುಖದ ಮೇಲೇ ಇತ್ತು. ಪಕ್ಕದಲ್ಲಿ ಸೊಲ್ಲು ಹಿಡಿಯುವವರು ಕಾಣಲೇ ಇಲ್ಲ.

ಇದನ್ನು ಹೇಳುವುದಕ್ಕೇ ಇಷ್ಟುದ್ದ ಬರೆದೆ ಕೂಸೇ. ನಿನ್ನ ಪಂಜಾಬಿನ ಹೇಕ್ ಒಬ್ಬಳ ಉಸಿರು, ಆಕಾಶಕ್ಕೆ ಎಸೆದ ಹಗ್ಗದ ಹಾಗೆ. ನಮ್ಮ ಹಾಲಕ್ಕಿ ಹಾಡು ಹಾಗಲ್ಲ. ಒಬ್ಬಳು ಸೊಲ್ಲು ಎತ್ತುತ್ತಾಳೆ, ಇನ್ನೊಬ್ಬಳು ಹಿಡಿಯುತ್ತಾಳೆ. ಹಿಡಿದವಳು ಬಿಡುವ ಮೊದಲೇ ಮೊದಲಿನವಳು ಮುಂದಿನದು ತೆಗೆಯುತ್ತಾಳೆ. ನಡುವೆ ಉಸಿರಾಡುವುದಕ್ಕೆ, ಸಸಿಯ ಸೂಡಿ ಬಿಚ್ಚುವುದಕ್ಕೆ, ಎಲೆ ಹಾಕಿಕೊಳ್ಳುವುದಕ್ಕೆ ಇಬ್ಬರಿಗೂ ಪುರಸೊತ್ತು. ನಮ್ಮ ಕೆಳಗಿನ ಗದ್ದೆಗೆ ನೆಟ್ಟಿಗೆ ಬರುತ್ತಿದ್ದವರು ಗೊರಬಿನ ಕೆಳಗೆ ಬಗ್ಗಿಕೊಂಡೇ ಹೀಗೆ ಹಾಡುತ್ತಿದ್ದರು. ನೀನು ಬದುವಿನ ಮೇಲೆ ಕೂತು ಕೊನೆಯ ಅಕ್ಷರ ಮಾತ್ರ ಸೇರಿಸುತ್ತಿದ್ದೆ. ಅವರಲ್ಲಿ ಒಬ್ಬರು ಆಯಿಗಿಂತ ಹಿರಿಯರು. ನಾವು ಅವರನ್ನು ಹೆಸರು ಹಿಡಿದು, ಏಕವಚನದಲ್ಲೇ ಕರೆದೆವು. ಅವರು ಗಿಡ್ಡ ಲಂಗದ ನಮಗೆ ‘ಅಮ್ಮಾ’ ಅನ್ನುತ್ತಿದ್ದರು. ಇದು ಆಗ ನನಗೆ ಕಂಡೇ ಇರಲಿಲ್ಲ.

ನಮ್ಮ ಹೊನ್ನಾವರದಲ್ಲೇ ಎನ್. ಆರ್. ನಾಯಕರು, ಶಾಂತಿ ನಾಯಕರು ಜಿಲ್ಲೆಯ ಕೇರಿಕೇರಿ ತಿರುಗಿ ಇಂಥ ಪದಗಳನ್ನು ಬರೆದುಕೊಂಡರು, ಅಚ್ಚು ಹಾಕಿಸಿದರು. ಅವರಿಲ್ಲದಿದ್ದರೆ ಅಷ್ಟೂ ಇರುತ್ತಿರಲಿಲ್ಲ. ಪುಸ್ತಕದಲ್ಲಿ ಮಾತು ಉಳಿದಿದೆ. ಆಕಾಶವಾಣಿಯವರ ಹತ್ತಿರ ಸುಕ್ರಜ್ಜಿಯ ದನಿಯೂ ಇದೆ. ಇಲ್ಲದ್ದು ಗದ್ದೆ. ನಮ್ಮ ಕೆಳಗಿನ ಗದ್ದೆ ಹಡಿಲು ಬಿದ್ದು ಆರು ವರ್ಷವಾಯಿತು, ಪಕ್ಕದವರು ನೆಟ್ಟಿಗೆ ಯಂತ್ರ ತರಿಸುತ್ತಾರೆ. ಯಂತ್ರಕ್ಕೆ ಸೊಲ್ಲು ಹಿಡಿಯಲು ಯಾರೂ ಬೇಡ. ಸುಕ್ರಜ್ಜಿ ಮುಪ್ಪಿನಲ್ಲೂ ಊರ ಹೆಂಗಸರಿಗೆ, ಮಕ್ಕಳಿಗೆ ಹಾಡು ಕಲಿಸುತ್ತ ಕೂತದ್ದು ಇದಕ್ಕೇ ಇರಬೇಕು ಎಂದು ನನ್ನ ಊಹೆ.

ಮೊನ್ನೆ ನಿನ್ನ ಹಾಡು ಕೇಳಿ ಮುಗಿಸಿದ ಸಂಜೆ, ಮಳೆ ಹೊಳವಾದಾಗ, ನಮ್ಮ ಗದ್ದೆಗೆ ನೆಟ್ಟಿಗೆ ಬರುತ್ತಿದ್ದ ಆ ಹಿರಿಯ ಅಜ್ಜಿಯ ಸೊಸೆ ಬಂದಿದ್ದರು, ಕೆಸುವಿನ ಸೊಪ್ಪು ತಂದುಕೊಂಡು. ಈಗ ಅವರೂ ಅಜ್ಜಿಯೇ. ಕೂರಿಸಿ ಚಹಾ ಕೊಟ್ಟು, ನಿಮ್ಮ ಅತ್ತೆಯ ನೆಟ್ಟಿ ಹಾಡು ಒಂದು ಹೇಳಿ ಎಂದೆ. ಮೊದಲು ನಕ್ಕರು. ಫೋನು ಎದುರಿಗೆ ಹಿಡಿದೆ. ಒಂದು ಸೊಲ್ಲು ಎತ್ತಿದರು, ನಿಲ್ಲಿಸಿದರು. ಮರೆತುಹೋಯಿತೇನೋ ಎಂದುಕೊಂಡೆ. ಇನ್ನೊಮ್ಮೆ ಎತ್ತಿದರು, ಅಲ್ಲೇ ನಿಲ್ಲಿಸಿ ನನ್ನ ಮುಖ ನೋಡಿದರು. ಮರೆತಿರಲಿಲ್ಲ, ಹಿಡಿಯುವವರಿಗೆ ಕಾಯುತ್ತಿದ್ದರು. ಫೋನು ಕೆಳಗಿಟ್ಟು ಹಿಡಿದೆ. ನನ್ನ ದನಿ ಗೊತ್ತಲ್ಲ ನಿನಗೆ. ‘ಹಂಗಲ್ಲ ಅಮ್ಮಾ’ ಎಂದು ಮತ್ತೆ ಹೇಳಿಕೊಟ್ಟರು. ನಾಲ್ಕನೆಯ ಸಲಕ್ಕೆ ಮುಂದಿನ ಸೊಲ್ಲು ಹೊರಗೆ ಬಂತು, ಆಮೇಲೆ ಇನ್ನೊಂದು. ಚಹಾ ತಣ್ಣಗಾಯಿತು. ಫೋನಿನಲ್ಲಿ ನೋಡಿದರೆ ಮೊದಲ ಎರಡು ಸೊಲ್ಲು, ನಡುವೆ ಜಲಪಾತದ ಸದ್ದು, ಅಷ್ಟೇ ಇದೆ.

ಚೌತಿಗೆ ಬರುತ್ತೀಯಲ್ಲ? ಹೊನ್ನಾವರ ಸ್ಟೇಷನ್ನಿಗೆ ಆಟೋ ಕಳಿಸುತ್ತೇನೆ. ಕೊನೆಯ ಅಕ್ಷರ ಸೇರಿಸುವುದು ನಿನಗೆ ಅಭ್ಯಾಸ ಇದೆ, ಆ ಕೊನೆಗೆ ಬಂದಾಗೆಲ್ಲ ನನಗೆ ಉಸಿರು ಸಾಲುತ್ತಿಲ್ಲ. ಅವರಿಗೂ ಹೇಳಿಟ್ಟಿದ್ದೇನೆ, ತಂಗಿ ಬರುತ್ತಾಳೆ ಎಂದು.

ಬರುವಾಗ ಅಲ್ಲಿಯ ವಡಿ ತಾ, ಇಲ್ಲಿ ಆಷಾಢದಲ್ಲಿ ಏನೂ ಒಣಗುವುದಿಲ್ಲ.

ನಿನ್ನ,
ಅಕ್ಕ