ಬಿಜೂರಿನ ಕಡಲು, ಜಿನೀವಾದ ಕೋಣೆ

ಕುಂದಾಪುರದಲ್ಲಿ ಬೈಂದೂರಿನ ಬಸ್ಸು ಹತ್ತಿದರೆ ಹೆಮ್ಮಾಡಿ, ತ್ರಾಸಿ ದಾಟಿ ಮರವಂತೆ ಬರುತ್ತದೆ. ಒಂದು ಬದಿಗೆ ಸೌಪರ್ಣಿಕಾ ನದಿ, ಇನ್ನೊಂದು ಬದಿಗೆ ಅರಬ್ಬಿ ಸಮುದ್ರ, ನಡುವೆ ಹೆದ್ದಾರಿ. ಬಸ್ಸಿನಲ್ಲಿರುವ ಮಕ್ಕಳೆಲ್ಲ ಕಿಟಕಿಗೆ ಮುಖ ಒತ್ತುವ ಜಾಗ ಅದು. ಮುಂದೆ ನಾವುಂದ, ನಾಗೂರು ಕಳೆದರೆ ಬಿಜೂರು. ಗದ್ದೆ, ತೆಂಗಿನ ತೋಟ, ಕೊಂಕಣ ರೈಲ್ವೆಯ ಒಂದು ಪುಟ್ಟ ನಿಲ್ದಾಣ. ಕೊಲ್ಲೂರಿಗೆ ಹೋಗುವ ಯಾತ್ರಿಕರು ಇಲ್ಲಿ ಇಳಿಯುವುದಿಲ್ಲ, ಮುಂದಿನ ಬೈಂದೂರಿನಲ್ಲಿ ಇಳಿಯುತ್ತಾರೆ.

ಇಂಥ ಊರಿನ ಹುಡುಗಿಯೊಬ್ಬಳು ಬಿ.ಕಾಂ. ಮುಗಿಸಿ, "ಅಂತಾರಾಷ್ಟ್ರೀಯ ವ್ಯವಹಾರಗಳ ವಿಷಯದಲ್ಲಿ ಎಂ.ಎ. ಮಾಡುತ್ತೇನೆ" ಎಂದರೆ ಅಜ್ಜಿ ಏನು ಕೇಳಿಯಾರು? "ಅದನ್ ಓದಿರೆ ಎಂತ ಸಿಕ್ಕತ್ ಮಗಾ?"

ಕೇಳಬೇಕಾದ ಪ್ರಶ್ನೆಯೇ. ಉತ್ತರಕ್ಕೆ ದಿಲ್ಲಿಯವರೆಗೆ ಹೋಗಬೇಕಾಗಿಲ್ಲ. ಪಡುವಣಕ್ಕೆ ಹೋಗಿ ಕಡಲ ದಡದಲ್ಲಿ ನಿಂತರೆ ಸಾಕು.

ಮಕ್ಕಳೇ, ಈ ಕಡಲಿಗೂ ಬೇಲಿ ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ. ದೂರದವರೆಗಿನ ನೀರು ನೆಲದಂತೆಯೇ ನಮ್ಮ ದೇಶದ್ದು. 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿ.ಮೀ.ವರೆಗೆ ಹಡಗು ಯಾರದ್ದೂ ಹೋಗಬಹುದು. ಆದರೆ ಮೀನಿನ ಹಕ್ಕು, ಕಡಲ ತಳದ ಸಂಪತ್ತಿನ ಹಕ್ಕು ನಮ್ಮದು. ಈ ಲೆಕ್ಕವನ್ನು ಎಲ್ಲ ದೇಶಗಳೂ ಒಪ್ಪುವಂತೆ ಮಾಡಲು 1973ರಿಂದ 1982ರವರೆಗೆ ವಿಶ್ವಸಂಸ್ಥೆಯಲ್ಲಿ ಮಾತುಕತೆ ನಡೆಯಿತು. ಭಾರತ 1995ರಲ್ಲಿ ಅದನ್ನು ಅಧಿಕೃತವಾಗಿ ಒಪ್ಪಿಕೊಂಡಿತು.

ಇನ್ನೊಂದು ಕಥೆ ಆಮೆಯದ್ದು. ಕುಂದಾಪುರದ ಕೋಡಿ ದಡಕ್ಕೆ ಆಲಿವ್ ರಿಡ್ಲೆ ಎಂಬ ಕಡಲಾಮೆ ಮೊಟ್ಟೆ ಇಡಲು ಬರುತ್ತದೆ. ಸಿಗಡಿಗೆ, ಅಂದರೆ ನಮ್ಮ ಚಟ್ಲಿಗೆ ಬೀಸಿದ ಬಲೆಯಲ್ಲಿ ಇಂಥ ಆಮೆಗಳು ಸಿಕ್ಕಿ ಸಾಯುವುದುಂಟು. ಬಲೆಯಲ್ಲಿ ಆಮೆ ಹೊರಬರುವ ಕಿಂಡಿ ಇಲ್ಲದ ದೇಶಗಳ ಸಿಗಡಿ ತನಗೆ ಬೇಡ ಎಂದು ಅಮೆರಿಕ ಹೇಳಿತು. ಭಾರತ, ಮಲೇಶಿಯ, ಪಾಕಿಸ್ತಾನ, ಥಾಯ್ಲೆಂಡ್ ಸೇರಿ ಜಿನೀವಾದಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. 1998ರಲ್ಲಿ ತೀರ್ಪು ಬಂತು: ಆಮೆಯನ್ನು ಉಳಿಸುವ ಉದ್ದೇಶ ಸರಿ, ಆದರೆ ಹತ್ತಿರದ ಕೆರಿಬಿಯನ್ ಕಡೆಯ ದೇಶಗಳಿಗೆ ಸಿದ್ಧವಾಗಲು 3 ವರ್ಷ, ಈ ನಾಲ್ಕು ದೇಶಗಳಿಗೆ ಬರೀ 4 ತಿಂಗಳು ಕೊಟ್ಟದ್ದು ಪಕ್ಷಪಾತ. ನೋಡಿ, ಗಡಿ ದಾಟಿ ಮಾರಾಟವಾಗುವ ಚಟ್ಲಿಯ ಹಣೆಬರಹ ಎಲ್ಲಿ ತೀರ್ಮಾನವಾಗುತ್ತದೆ! 2022ರಲ್ಲಿ ಅಲ್ಲಿಯೇ ಮೀನುಗಾರಿಕೆಯ ಸಹಾಯಧನದ ಬಗ್ಗೆ ಒಪ್ಪಂದವಾದಾಗಲೂ ಸಣ್ಣ ಮೀನುಗಾರರ ನೆರವಿಗೆ ಕೈ ಹಾಕಬಾರದೆಂದು ಭಾರತ ವಾದಿಸಿತು. ವಾದಿಸುವವರಿಗೆ ಕಾನೂನೂ ಗೊತ್ತಿರಬೇಕು, ದೋಣಿಯ ಡೀಸೆಲ್ ಖರ್ಚೂ ಗೊತ್ತಿರಬೇಕು.

ಆ ಹುಡುಗಿ ಕಲಿಯಹೊರಟಿರುವುದು ಇದನ್ನೇ. ಎರಡು ವರ್ಷದ ಓದು: ಅಂತಾರಾಷ್ಟ್ರೀಯ ಕಾನೂನು, ಇತಿಹಾಸ, ಅರ್ಥಶಾಸ್ತ್ರ, ದೇಶದೇಶಗಳ ಒಪ್ಪಂದ, ಜಾಗತಿಕ ಸಂಸ್ಥೆಗಳು ನಡೆಯುವ ಬಗೆ. ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ದೊಡ್ಡ ವಿಭಾಗವಿದೆ. ಅದರ ಬೇರು 1955ರಷ್ಟು ಹಳೆಯದು. ನಮ್ಮ ಜಿಲ್ಲೆಯ ಮಣಿಪಾಲದಲ್ಲೂ ಈ ವಿಷಯದ ಎಂ.ಎ. ಇದೆ. ಅನೇಕ ಕಡೆ ಯಾವ ಪದವಿಯಾದರೂ ನಡೆಯುತ್ತದೆ, ಬಿ.ಕಾಂ. ಅಡ್ಡಿಯಲ್ಲ.

ಕರಾವಳಿಯವರಿಗೆ ಈ ದಾರಿ ಹೊಸದಲ್ಲ. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಬೆನೆಗಲ್ ನರಸಿಂಗ ರಾವ್ ಭಾರತದ ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಅವರೇ. ಆಮೇಲೆ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರೂ ಆದರು.

ಹಾಗೆಂದು ಎಂ.ಎ. ಮುಗಿಸಿದ ಕೂಡಲೇ ಯಾರೂ ರಾಯಭಾರಿ ಮಾಡುವುದಿಲ್ಲ. ವಿದೇಶಾಂಗ ಸೇವೆಗೆ ಯು.ಪಿ.ಎಸ್.ಸಿ. ಪರೀಕ್ಷೆ ಬರೆದೇ ಹೋಗಬೇಕು. ಅದಕ್ಕೆ ಈ ಪದವಿಯೇ ಬೇಕೆಂಬ ನಿಯಮವೂ ಇಲ್ಲ. ಉಳಿದ ದಾರಿಗಳು ಪತ್ರಿಕೆ, ಸಂಶೋಧನೆ, ಅಧ್ಯಾಪನ, ಸ್ವಯಂಸೇವಾ ಸಂಸ್ಥೆಗಳು. ಹೊರದೇಶದಲ್ಲಿ ಓದುವುದಾದರೆ ಖರ್ಚು ದೊಡ್ಡದು. ಬ್ಯಾಂಕಿನ ಮೇಜಿನ ಹಿಂದೆ ಕೂತವನಾಗಿ ಒಂದು ಮಾತು: ಸಾಲದ ಅರ್ಜಿಗೆ ಸಹಿ ಹಾಕುವ ಮೊದಲು ಅಜ್ಜ, ಮೊಮ್ಮಗಳು ಒಟ್ಟಿಗೆ ಕೂತು ತಿಂಗಳ ಕಂತನ್ನು ಕಾಗದದ ಮೇಲೆ ಬರೆದು ನೋಡಿ. ಸರಕಾರಿ ವಿಶ್ವವಿದ್ಯಾಲಯದ ಶುಲ್ಕವನ್ನು ಪಕ್ಕದಲ್ಲಿ ಬರೆಯಿರಿ. ವಿದ್ಯಾರ್ಥಿವೇತನ ವಿಚಾರಿಸಿ.

ಲೆಕ್ಕ ಹೊಂದಿದರೆ ಬೇಡ ಎನ್ನಬೇಡಿ. ಕಡಲಿನ ನಿಯಮ ಬರೆಯುವ ಕೋಣೆಯಲ್ಲಿ ಬಂಗುಡೆಯನ್ನು ತಟ್ಟೆಯಲ್ಲಿ ಮಾತ್ರ ಕಂಡವರು ಬೇಕಾದಷ್ಟು ಜನ ಇರುತ್ತಾರೆ. ಬಲೆ ಎಳೆಯುವುದನ್ನು ಕಂಡು ಬೆಳೆದವಳೊಬ್ಬಳೂ ಅಲ್ಲಿ ಇರಲಿ.