ಮೀನಿನ ಹೊಂಡಕ್ಕೆ ಬಾಗಿದ ದಾರಿ

ಅಮೆರಿಕದ ಆಗ್ನೇಯ ಮೂಲೆಯಲ್ಲಿ, ಅಟ್ಲಾಂಟಿಕ್ ಸಾಗರದ ತೀರದಲ್ಲಿರುವ ರಾಜ್ಯ ದಕ್ಷಿಣ ಕೆರೊಲಿನಾ. ಅಲ್ಲಿನ ಫ್ಲಾರೆನ್ಸ್ ನಗರದಿಂದ ವಾಯವ್ಯಕ್ಕೆ ಸುಮಾರು ಹತ್ತು ಮೈಲಿ ಸಾಗಿದರೆ ಡಾರ್ಲಿಂಗ್ಟನ್ ಎಂಬ ಪುಟ್ಟ ಊರು ಎದುರಾಗುತ್ತದೆ. ಸಮತಟ್ಟಾದ ಮರಳುನೆಲ, ಹತ್ತಿ ಮತ್ತು ಹೊಗೆಸೊಪ್ಪಿನ ಹೊಲಗಳು, ನಡುನಡುವೆ ಪೈನ್ ಮರಗಳ ತೋಪು. ಊರಿನ ಜನಸಂಖ್ಯೆ ಆರು ಸಾವಿರದ ಆಸುಪಾಸು. ನಕ್ಷೆಯಲ್ಲಿ ಹುಡುಕಿದರೂ ಬೇಗನೆ ಕಣ್ಣಿಗೆ ಬೀಳದ ಈ ಊರಿನ ಹೆಸರು ಅಮೆರಿಕದ ಕಾರು ರೇಸಿನ ಅಭಿಮಾನಿಗಳಿಗೆಲ್ಲ ಗೊತ್ತು!

ಊರಿನ ಹೊರಗೆ, 151ನೇ ರಾಜ್ಯ ಹೆದ್ದಾರಿಯ ಪಕ್ಕದಲ್ಲಿ ದೊಡ್ಡದೊಂದು ಓಟದ ಅಂಗಳವಿದೆ. ವರ್ಷದ ಹೆಚ್ಚಿನ ದಿನಗಳಲ್ಲಿ ಅದರ ಗ್ಯಾಲರಿಗಳು ಖಾಲಿ. ಆದರೆ ಸೆಪ್ಟೆಂಬರ್ ತಿಂಗಳ ಮೊದಲ ಸೋಮವಾರ ಅಮೆರಿಕದಲ್ಲಿ ಕಾರ್ಮಿಕರ ದಿನ. ಆ ರಜೆಗೆ ಅಂಟಿಕೊಂಡ ವಾರಾಂತ್ಯದಲ್ಲಿ ಇಲ್ಲಿ 'ಸದರ್ನ್ 500' ಎಂಬ ರೇಸು ನಡೆಯುತ್ತದೆ. ಆಗ ಊರಿನ ಜನಸಂಖ್ಯೆಯ ಹಲವು ಪಟ್ಟು ಜನ ಬಂದು ಸೇರುತ್ತಾರೆ. ಐನೂರು ಮೈಲಿ, ಅಂದರೆ ಸುಮಾರು 805 ಕಿಲೋಮೀಟರ್ ದೂರವನ್ನು ಕಾರುಗಳು ಸುತ್ತು ಹಾಕಿಯೇ ಕ್ರಮಿಸಬೇಕು. ಒಂದು ಸುತ್ತು 1.366 ಮೈಲಿ, ಒಟ್ಟು 367 ಸುತ್ತು!

ಈ ಓಟದ ಪಥವನ್ನು ಆಕಾಶದಿಂದ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಬೇರೆ ಕಡೆಯ ಪಥಗಳಂತೆ ಇದರ ಎರಡು ತುದಿಗಳು ಒಂದೇ ರೀತಿ ಇಲ್ಲ. ಒಂದು ತುದಿ ವಿಶಾಲ, ಇನ್ನೊಂದು ತುದಿ ಕಿರಿದು. ಥೇಟ್ ಕೋಳಿಮೊಟ್ಟೆಯ ಆಕಾರ. ಯಾಕೆ ಹೀಗೆ? ಲೆಕ್ಕ ತಪ್ಪಿತೇ? ಇಲ್ಲ. ಇದರ ಹಿಂದೆ ಒಂದು ಮಾತಿನ ಕಥೆಯಿದೆ.

ಕೊಟ್ಟ ಮಾತು

ಹೆರಾಲ್ಡ್ ಬ್ರೇಸಿಂಗ್ಟನ್ ಡಾರ್ಲಿಂಗ್ಟನ್‌ನವನೇ. ವ್ಯವಸಾಯದ ಜೊತೆಗೆ ಕಟ್ಟಡ, ರಸ್ತೆ ಕಾಮಗಾರಿಗಳ ಗುತ್ತಿಗೆ ಹಿಡಿಯುತ್ತಿದ್ದವನು. ಯೌವನದಲ್ಲಿ ಮಣ್ಣಿನ ಪಥಗಳಲ್ಲಿ ಕಾರು ಓಡಿಸಿದ ಅನುಭವವೂ ಇತ್ತು. ಇಂಡಿಯಾನಾಪೊಲಿಸ್ ನಗರದ ಹೆಸರಾಂತ ಐನೂರು ಮೈಲಿ ಸ್ಪರ್ಧೆಗೆ ಸೇರುವ ಜನಸಾಗರವನ್ನು ಕಂಡ ಮೇಲೆ ಅವನ ತಲೆಯೊಳಗೆ ಒಂದು ಆಸೆ ಹೊಕ್ಕಿತು. ಅಂಥದೇ ಒಂದು ಸ್ಪರ್ಧೆ ತನ್ನ ಊರಿನಲ್ಲೂ ಯಾಕಾಗಬಾರದು?

ಇಂಡಿಯಾನಾಪೊಲಿಸ್‌ನಲ್ಲಿ ಓಡುವುದು ರೇಸಿಗೆಂದೇ ತಯಾರಾದ ಕಾರುಗಳು. ಬ್ರೇಸಿಂಗ್ಟನ್‌ಗೆ ಬೇಕಾಗಿದ್ದು 'ಸ್ಟಾಕ್ ಕಾರು'ಗಳು, ಅಂದರೆ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಸಾಮಾನ್ಯ ಕಾರುಗಳು. ಈ ಆಟದ ಹುಟ್ಟಿನಲ್ಲಿ ಕಳ್ಳಭಟ್ಟಿ ಸಾಗಿಸುವವರ ಪಾಲೂ ಇದೆ. ಪೊಲೀಸರ ಕಣ್ಣಿಗೆ ಮಾಮೂಲಿ ಕಾರಿನಂತೆ ಕಾಣಬೇಕು, ಬೆನ್ನಟ್ಟಿದರೆ ಸಿಗಬಾರದು ಎಂದು ಅವರು ಎಂಜಿನ್‌ಗಳನ್ನು ತಿದ್ದುತ್ತಿದ್ದರು. ಬಿಡುವಿದ್ದಾಗ ಯಾರ ಕಾರು ಜೋರು ಎಂದು ತಮ್ಮತಮ್ಮಲ್ಲೇ ಪಂದ್ಯ ಕಟ್ಟುತ್ತಿದ್ದರು. ಇಂಥ ಪಂದ್ಯಗಳಿಗೊಂದು ಕಟ್ಟುಪಾಡು ತರಲು ಬಿಲ್ ಫ್ರಾನ್ಸ್ ಮುಂದಾದ. ಅವನ ನೇತೃತ್ವದಲ್ಲಿ 1948ರಲ್ಲಿ 'ನಾಸ್ಕಾರ್' ಸಂಸ್ಥೆ ಹುಟ್ಟಿತು. ಆಗ ಅದರ ಸ್ಪರ್ಧೆಗಳು ನಡೆಯುತ್ತಿದ್ದುದು ಬಹುಮಟ್ಟಿಗೆ ಸಣ್ಣ ಸಣ್ಣ ಮಣ್ಣಿನ ಪಥಗಳಲ್ಲಿ.

ಬ್ರೇಸಿಂಗ್ಟನ್ ಶೆರ್ಮನ್ ರಾಮ್ಸೆ ಎಂಬ ರೈತನಿಂದ ಸುಮಾರು 70 ಎಕರೆ ಹೊಲ ಕೊಂಡ. ಹತ್ತಿ, ಕಡಲೆಕಾಯಿ ಬೆಳೆಯುತ್ತಿದ್ದ ನೆಲ. ಕೊಡುವಾಗ ರಾಮ್ಸೆ ಒಂದೇ ಒಂದು ಷರತ್ತು ಹಾಕಿದ. ಹೊಲದ ಪಶ್ಚಿಮಕ್ಕೆ ಒಂದು ಹೊಂಡವಿತ್ತು. ಗಾಳದ ತುದಿಗೆ ಸಿಕ್ಕಿಸುವ ಸಣ್ಣ ಮೀನುಗಳನ್ನು ಅದರಲ್ಲಿ ಸಾಕಿದ್ದ. ಆ ಹೊಂಡವನ್ನು ಮಾತ್ರ ಮುಟ್ಟಕೂಡದು! ಬ್ರೇಸಿಂಗ್ಟನ್ ಒಪ್ಪಿದ.

1949ರಲ್ಲಿ ಕೆಲಸ ಶುರುವಾಯಿತು. ಪಥ ಪಶ್ಚಿಮದ ಕಡೆ ಬಂದಾಗ ಹೊಂಡ ಅಡ್ಡ ಬಂತು. ಮಣ್ಣು ಸರಿಸುವ ಯಂತ್ರಗಳೇನೋ ಅಲ್ಲೇ ಇದ್ದವು, ಹೊಂಡ ಮುಚ್ಚುವುದು ದೊಡ್ಡ ಕೆಲಸವಾಗಿರಲಿಲ್ಲ. ಆದರೆ ಬ್ರೇಸಿಂಗ್ಟನ್ ಹೊಂಡವನ್ನು ಬಿಟ್ಟು ಪಥವನ್ನೇ ಬಗ್ಗಿಸಿದ. ಆ ತುದಿಯ ತಿರುವು ಇಕ್ಕಟ್ಟಾಯಿತು. ಹೀಗೆ ಮೊಟ್ಟೆಯ ಆಕಾರ ಬಂತು.

ಆಮೆಯ ಗೆಲುವು

1950ರ ಸೆಪ್ಟೆಂಬರ್ 4, ಕಾರ್ಮಿಕರ ದಿನದಂದು ಮೊದಲ ಸ್ಪರ್ಧೆ. ಸಾಮಾನ್ಯ ಕಾರುಗಳು ಐನೂರು ಮೈಲಿ ಬಾಳುತ್ತವೆಯೇ ಎಂದು ಅನುಮಾನ ಪಟ್ಟವರೇ ಹೆಚ್ಚು. ನಾಸ್ಕಾರ್ ಸ್ಪರ್ಧೆಯೊಂದು ಅಷ್ಟು ದೂರ ಹಿಂದೆಂದೂ ನಡೆದಿರಲಿಲ್ಲ. ಆದರೂ ಸುಮಾರು 25 ಸಾವಿರ ಜನ ಬಂದು ಸೇರಿದರು. ಸಾಲಿಗೆ ಮೂರರಂತೆ 25 ಸಾಲು, 75 ಕಾರುಗಳು ನಿಂತವು.

ಕ್ಯಾಡಿಲಾಕ್, ಓಲ್ಡ್ಸ್‌ಮೊಬೈಲ್‌ನಂಥ ಭಾರಿ ಕಾರುಗಳು ಬಾಣದಂತೆ ಮುಂದೆ ನುಗ್ಗಿದವು. ಆದರೆ ಸ್ವಲ್ಪ ಹೊತ್ತಿನಲ್ಲೇ ಒಂದೊಂದಾಗಿ ಅವುಗಳ ಟೈರುಗಳು ಸಿಡಿಯತೊಡಗಿದವು. ಸುಡುಬಿಸಿಲಿಗೆ ಕಾದ ಟಾರು, ಕಾರುಗಳ ತೂಕ, ಎಡಬಿಡದ ತಿರುವುಗಳು, ಇಷ್ಟನ್ನೂ ಮಾಮೂಲಿ ಟೈರು ತಾಳಿಕೊಳ್ಳದು. ತಂದಿದ್ದ ಟೈರುಗಳೆಲ್ಲ ಮುಗಿದು, ಕೆಲವು ತಂಡದವರು ಪ್ರೇಕ್ಷಕರ ಕಾರುಗಳ ಚಕ್ರಗಳನ್ನೇ ಬಿಚ್ಚಿಸಿ ಕೊಂಡುಕೊಂಡರೆಂಬ ಕಥೆಯನ್ನು ಅಲ್ಲಿನ ಜನ ಇಂದಿಗೂ ಹೇಳುತ್ತಾರೆ.

ಇವರ ನಡುವೆ ಜಾನಿ ಮಾಂಟ್ಜ್ ಎಂಬ ಚಾಲಕ 43ನೆಯವನಾಗಿ ಹೊರಟಿದ್ದ. ಅವನದು ಆರು ಸಿಲಿಂಡರಿನ, ಹಗುರವಾದ ಪ್ಲಿಮತ್ ಕಾರು. ವೇಗದಲ್ಲಿ ಬಡಪಾಯಿ. ಆದರೆ ಇಂಡಿಯಾನಾಪೊಲಿಸ್‌ನಲ್ಲಿ ಓಡಿಸಿ ಅನುಭವವಿದ್ದ ಮಾಂಟ್ಜ್ ಲಾರಿಗಳಿಗೆ ಹಾಕುವಂಥ ಗಟ್ಟಿ ಟೈರುಗಳನ್ನು ತೊಡಿಸಿದ್ದ. ಉಳಿದವರು ಟೈರು ಬದಲಿಸಲು ಮತ್ತೆ ಮತ್ತೆ ನಿಲ್ಲುತ್ತಿದ್ದರೆ ಇವನು ಒಂದೇ ಗತಿಯಲ್ಲಿ ಓಡುತ್ತಲೇ ಇದ್ದ. ಆರೂವರೆ ಗಂಟೆಗೂ ಹೆಚ್ಚು ಕಾಲ ನಡೆದ ಆ ಓಟದ ಕೊನೆಯಲ್ಲಿ ಅವನು ಎರಡನೆಯವನಿಗಿಂತ ಒಂಬತ್ತು ಸುತ್ತು ಮುಂದಿದ್ದ. ಗಂಟೆಗೆ ಸರಾಸರಿ 75 ಮೈಲಿಯ ಆಸುಪಾಸಿನ ವೇಗ. ಬಹುಮಾನ 10,510 ಡಾಲರ್. ಆಮೆ ಮೊಲದ ಕಥೆಯನ್ನು ಮಕ್ಕಳು ಪುಸ್ತಕದಲ್ಲಿ ಓದುತ್ತಾರೆ. ಡಾರ್ಲಿಂಗ್ಟನ್‌ನವರು ಅದನ್ನು ಕಣ್ಣಾರೆ ಕಂಡರು.

ಪಳಗದ ಪಥ

ಹೊಂಡದಿಂದಾಗಿ ಬಂದ ವಕ್ರತೆ ಚಾಲಕರಿಗೆ ಎಂದೂ ಬಿಡಿಸಲಾರದ ಒಗಟಾಯಿತು. ಎರಡು ತುದಿಗಳೂ ಒಂದೇ ರೀತಿ ಇರುವ ಪಥವಾದರೆ ಕಾರನ್ನು ಒಂದು ತಿರುವಿಗೆ ಹೊಂದಿಸಿದರೆ ಸಾಕು, ಇನ್ನೊಂದಕ್ಕೂ ಅದು ಹೊಂದುತ್ತದೆ. ಇಲ್ಲಿ ಹಾಗಲ್ಲ. ಕಾರು ಹೊರಕ್ಕೆ ಜಾರದಿರಲೆಂದು ತಿರುವುಗಳಲ್ಲಿ ರಸ್ತೆಯ ಹೊರ ಅಂಚನ್ನು ಎತ್ತರಿಸಿರುತ್ತಾರೆ. ಆ ಓರೆ ಇಲ್ಲಿ ಒಂದು ತುದಿಯಲ್ಲಿ 25 ಡಿಗ್ರಿ, ಹೊಂಡದ ಕಡೆಯ ತುದಿಯಲ್ಲಿ 23 ಡಿಗ್ರಿ. ವಿಶಾಲ ತಿರುವಿಗೆ ಸರಿಹೋಗುವಂತೆ ಕಾರನ್ನು ಹದಗೊಳಿಸಿದರೆ ಇಕ್ಕಟ್ಟಿನ ತಿರುವಿನಲ್ಲಿ ಅದು ಮಾತು ಕೇಳುವುದಿಲ್ಲ. ಇದಕ್ಕೆ ಹೊಂದಿಸಿದರೆ ಅಲ್ಲಿ ಕೇಳುವುದಿಲ್ಲ. ಎರಡಕ್ಕೂ ನಡುವಿನ ಹದ ಹುಡುಕಬೇಕು, ಉಳಿದದ್ದನ್ನು ಚಾಲಕನ ಕೈಯೇ ತುಂಬಿಕೊಡಬೇಕು.

ಸಾಲದೆಂಬಂತೆ ಇಲ್ಲಿ ವೇಗದ ದಾರಿ ಇರುವುದು ಗೋಡೆಯ ಪಕ್ಕದಲ್ಲೇ. ಕೂದಲೆಳೆಯಷ್ಟು ತಪ್ಪಿದರೂ ಕಾರಿನ ಬಲಬದಿ ಗೋಡೆಗೆ ಉಜ್ಜಿ ಬಣ್ಣ ಕಿತ್ತುಹೋಗುತ್ತದೆ. ಆ ಗೀರಿಗೆ 'ಡಾರ್ಲಿಂಗ್ಟನ್ ಪಟ್ಟೆ' ಎಂದೇ ಹೆಸರು. ಈ ಪಥವನ್ನು ಪಳಗಿಸಲು ಯಾರಿಂದಲೂ ಆಗದು ಎಂಬ ಮಾತೂ ಹುಟ್ಟಿಕೊಂಡಿತು.

ಹತ್ತಿರದ ಟಿಮನ್ಸ್‌ವಿಲ್ ಕಡೆಯ ಹುಡುಗ ಕೇಲ್ ಯಾರ್‌ಬರೊ ಬಾಲ್ಯದಲ್ಲಿ ಬೇಲಿಯಡಿ ನುಸುಳಿ ಈ ರೇಸು ನೋಡಲು ಹೋಗುತ್ತಿದ್ದ. ನಿಗದಿತ ವಯಸ್ಸು ತುಂಬುವ ಮೊದಲೇ ಇಲ್ಲಿ ಸ್ಪರ್ಧಿಸಲು ಹೋಗಿ ಸಿಕ್ಕಿಬಿದ್ದ. 1965ರಲ್ಲಿ ಅವನ ಕಾರು ಅಂಚಿನ ತಡೆಯನ್ನೇ ಹಾರಿ ಪಥದ ಹೊರಗೆ ಬಿತ್ತು. ಅದೃಷ್ಟಕ್ಕೆ ಪೆಟ್ಟಾಗದೆ ಎದ್ದು ನಡೆದುಬಂದ. ಮೂರು ವರ್ಷಗಳ ನಂತರ, 1968ರಲ್ಲಿ, ಅದೇ ಪಥದಲ್ಲಿ ಸದರ್ನ್ 500 ಗೆದ್ದ. ಮುಂದೆ ಇನ್ನೂ ನಾಲ್ಕು ಸಲ ಗೆದ್ದ!

ಎಲ್ಲರ ಅದೃಷ್ಟವೂ ಹಾಗಿರಲಿಲ್ಲ. 1957ರ ಸ್ಪರ್ಧೆಯಲ್ಲಿ ಬಾಬಿ ಮೈಯರ್ಸ್ ಎಂಬ ಚಾಲಕ ಅಪಘಾತದಲ್ಲಿ ತೀರಿಕೊಂಡ. 1960ರಲ್ಲಿ ದಿಕ್ಕು ತಪ್ಪಿದ ಕಾರೊಂದು ತಂಡಗಳು ನಿಂತಿದ್ದ ಜಾಗಕ್ಕೆ ನುಗ್ಗಿ ಇಬ್ಬರು ಮೆಕ್ಯಾನಿಕ್‌ಗಳೂ ಒಬ್ಬ ಅಧಿಕಾರಿಯೂ ಬಲಿಯಾದರು. ಇಂದು ಚಾಲಕರನ್ನು ಕಾಪಾಡುವ ಕತ್ತಿನ ಪಟ್ಟಿ, ಹೊಡೆತವನ್ನು ನುಂಗಿಕೊಳ್ಳುವ ಗೋಡೆ ಯಾವುವೂ ಆಗ ಇರಲಿಲ್ಲ. ವೇಗದ ಗುಣಗಾನ ಮಾಡುವಾಗ ಅದಕ್ಕೆ ತೆತ್ತ ಬೆಲೆಯನ್ನು ಮರೆಯುವಂತಿಲ್ಲ.

ಇನ್ನೊಂದು ಕಹಿಯೂ ಇದೆ. ದಕ್ಷಿಣದ ರಾಜ್ಯಗಳು ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದ ಅಂತರ್ಯುದ್ಧದ ಬಾವುಟ ಈ ಗ್ಯಾಲರಿಗಳಲ್ಲಿ ದಶಕಗಳ ಕಾಲ ಹಾರಾಡಿತು. ಕಪ್ಪು ಜನಾಂಗದ ವೆಂಡೆಲ್ ಸ್ಕಾಟ್ 1963ರ ಡಿಸೆಂಬರ್‌ನಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ನಾಸ್ಕಾರ್‌ನ ಉನ್ನತ ದರ್ಜೆಯ ಸ್ಪರ್ಧೆಯೊಂದನ್ನು ಗೆದ್ದ. ಅವನ ಜನಾಂಗದ ಇನ್ನೊಬ್ಬ ಚಾಲಕ, ಬಬ್ಬಾ ವಾಲೆಸ್, ಆ ದರ್ಜೆಯಲ್ಲಿ ಗೆಲ್ಲಲು 2021ರವರೆಗೆ ಕಾಯಬೇಕಾಯಿತು. ಆ ಬಾವುಟವನ್ನು ನಾಸ್ಕಾರ್ ತನ್ನ ಅಂಗಳಗಳಿಂದ ನಿಷೇಧಿಸಿದ್ದು 2020ರ ಜೂನ್‌ನಲ್ಲಿ.

ಹೋದ ಹಬ್ಬ, ಬಂದ ಹಬ್ಬ

1965ರಲ್ಲಿ ನೆಡ್ ಜ್ಯಾರೆಟ್ ಇಲ್ಲಿ 14 ಸುತ್ತುಗಳ ಅಂತರದಿಂದ ಗೆದ್ದಿದ್ದ. 1985ರಲ್ಲಿ ಬಿಲ್ ಎಲಿಯಟ್ ಇಲ್ಲಿನ ಗೆಲುವಿನೊಂದಿಗೆ ಹತ್ತು ಲಕ್ಷ ಡಾಲರ್ ವಿಶೇಷ ಬಹುಮಾನ ಬಾಚಿಕೊಂಡ. ವರ್ಷದ ನಾಲ್ಕು ಪ್ರಮುಖ ಸ್ಪರ್ಧೆಗಳಲ್ಲಿ ಮೂರನ್ನು ಗೆದ್ದವನಿಗೆ ಸಿಗರೇಟು ಕಂಪೆನಿಯೊಂದು ಇಟ್ಟಿದ್ದ ಬಹುಮಾನ ಅದು. 1995ರಿಂದ 1998ರವರೆಗೆ ಜೆಫ್ ಗಾರ್ಡನ್ ಸತತ ನಾಲ್ಕು ವರ್ಷ ಗೆದ್ದ. 2003ರ ಮಾರ್ಚ್‌ನಲ್ಲಿ ಇದೇ ಪಥದ ಇನ್ನೊಂದು ಸ್ಪರ್ಧೆಯಲ್ಲಿ ರಿಕಿ ಕ್ರೇವನ್ ಗೆದ್ದ ಅಂತರವಂತೂ 0.002 ಸೆಕೆಂಡು!

ಆದರೆ ಆಟಕ್ಕೆ ಟೆಲಿವಿಷನ್ ಬಂದು, ಹಣ ಹರಿದಂತೆ ಲೆಕ್ಕಾಚಾರ ಬದಲಾಯಿತು. ಮಹಾನಗರಗಳ ಬಳಿ ಹೊಸ ಪಥಗಳು ಎದ್ದವು. ಆರು ಸಾವಿರ ಜನರ ಊರು ಅವುಗಳ ಮುಂದೆ ಏನು ಲೆಕ್ಕ? 2004ರಲ್ಲಿ ಕಾರ್ಮಿಕರ ದಿನದ ಓಟ ಡಾರ್ಲಿಂಗ್ಟನ್ ಕೈತಪ್ಪಿ, ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ಸಮೀಪದ ಫಾಂಟಾನಾಕ್ಕೆ ಹೋಯಿತು. ಆ ವರ್ಷ ಸದರ್ನ್ 500 ನವೆಂಬರಿನಲ್ಲಿ ನಡೆಯಿತು. ಮರುವರ್ಷ ಆ ಹೆಸರೂ ಹೋಯಿತು. ವರ್ಷಕ್ಕೆ ಎರಡಿದ್ದ ಸ್ಪರ್ಧೆಗಳಲ್ಲಿ ಒಂದೇ ಉಳಿಯಿತು. ಬ್ರೇಸಿಂಗ್ಟನ್ ಮುಂದೆ ನಿಂತು ಕಟ್ಟಿಸಿದ್ದ ರಾಕಿಂಗ್‌ಹ್ಯಾಮ್ ಪಥದಿಂದಲೂ 2004ರ ನಂತರ ಉನ್ನತ ದರ್ಜೆಯ ರೇಸು ಎದ್ದುಹೋಯಿತು. ಇದನ್ನೆಲ್ಲ ನೋಡಲು ಅವನಿರಲಿಲ್ಲ, 1996ರಲ್ಲೇ ತೀರಿಕೊಂಡಿದ್ದ.

ಪ್ರತಿ ವರ್ಷ ಶಾಲೆ ಶುರುವಾಗುವ ದಿನಗಳಲ್ಲಿ ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದ ಹಬ್ಬ ಅದು. ಊರಿನ ಜಾತ್ರೆಯನ್ನೇ ಬೇರೆ ಊರಿಗೆ ಎತ್ತಿಕೊಂಡು ಹೋದಂತಾಯಿತು.

ಆದರೆ ಹೊಸ ಜಾಗದಲ್ಲಿ ಹಬ್ಬ ಬೇರು ಬಿಡಲಿಲ್ಲ. ಫಾಂಟಾನಾದ ಎರಡು ಮೈಲಿಯ ಪಥ ಅಗಲವಾಗಿತ್ತು, ನಯವಾಗಿತ್ತು, ಎರಡೂ ತುದಿ ಸರಿಸಮವಾಗಿತ್ತು. ಆದರೂ ಗ್ಯಾಲರಿಗಳು ತುಂಬಲಿಲ್ಲ. 2009ರಲ್ಲಿ ಕಾರ್ಮಿಕರ ದಿನದ ಓಟ ಅಟ್ಲಾಂಟಾಕ್ಕೆ ಹೋಯಿತು. ಅದೇ ವರ್ಷ ಡಾರ್ಲಿಂಗ್ಟನ್‌ಗೆ ಸದರ್ನ್ 500 ಎಂಬ ಹೆಸರು ಮರಳಿತು, ಆದರೆ ಮೇ ತಿಂಗಳಿಗೆ. ಕೊನೆಗೆ 2015ರಲ್ಲಿ ಹಳೆಯ ದಿನವೂ ಮರಳಿತು. ಆ ವರ್ಷ ತಂಡಗಳು ಕಾರುಗಳಿಗೆ ಹಿಂದಿನ ಕಾಲದ ಬಣ್ಣ ಬಳಿದವು, ಸಿಬ್ಬಂದಿ ಹಳೆಯ ಶೈಲಿಯ ಉಡುಪು ತೊಟ್ಟರು. ಹನ್ನೊಂದು ವರ್ಷಗಳ ಅಗಲಿಕೆಯ ನಂತರ ನಡೆದ ಆ ಸ್ಪರ್ಧೆಯಲ್ಲಿ ಕಾರ್ಲ್ ಎಡ್ವರ್ಡ್ಸ್ ಗೆದ್ದ. ಓಟವನ್ನು ಕಸಿದುಕೊಂಡಿದ್ದ ಫಾಂಟಾನಾ ಪಥದಲ್ಲಿ 2023ರ ಫೆಬ್ರುವರಿಯಲ್ಲಿ ಕೊನೆಯ ಪಂದ್ಯ ನಡೆಯಿತು. ಬಳಿಕ ಅದನ್ನು ಕೆಡವಲಾಯಿತು.

ಕೊರೊನಾ ಪಿಡುಗಿನಿಂದ ಆಟಗಳೆಲ್ಲ ನಿಂತಿದ್ದಾಗ ನಾಸ್ಕಾರ್ ಮತ್ತೆ ಓಟ ಶುರು ಮಾಡಲು ಆರಿಸಿದ್ದೂ ಡಾರ್ಲಿಂಗ್ಟನ್‌ನ್ನೇ. ಹೆಚ್ಚಿನ ತಂಡಗಳ ನೆಲೆ ಇರುವ ಷಾರ್ಲಟ್ ನಗರದಿಂದ ಬೆಳಗ್ಗೆ ಬಂದು ರಾತ್ರಿ ಮನೆ ಸೇರಬಹುದಾದಷ್ಟು ಹತ್ತಿರ. 2020ರ ಮೇ 17ರಂದು ಹತ್ತು ವಾರಗಳ ಮೌನ ಮುರಿದು, ಒಬ್ಬ ಪ್ರೇಕ್ಷಕನೂ ಇಲ್ಲದ ಗ್ಯಾಲರಿಗಳ ಎದುರು ಕಾರುಗಳು ಓಡಿದವು. ಮರುವರ್ಷದಿಂದ ಊರಿಗೆ ವರ್ಷದ ಎರಡನೆಯ ಸ್ಪರ್ಧೆಯೂ ಮರಳಿತು.

ಡಾರ್ಲಿಂಗ್ಟನ್‌ನ ಪಥ ಸರಿಯಾದ ಅಂಡಾಕಾರವಾಗಿದ್ದರೆ ಬೇರೆ ಹತ್ತು ಪಥಗಳಂತೆ ಅದೂ ಒಂದಾಗುತ್ತಿತ್ತೇನೋ. ಕೊಟ್ಟ ಮಾತಿಗಾಗಿ ಬಾಗಿದ ಆ ಒಂದು ತಿರುವು ಅದಕ್ಕೆ ತನ್ನದೇ ಮುಖ ಕೊಟ್ಟಿತು; ಜನ ಮರೆಯದಿದ್ದುದು ಆ ಮುಖವನ್ನು. ಬೇಲಿಯಾಚೆ ರಾಮ್ಸೆಯ ಹೊಂಡ ಈಗಲೂ ಇದೆ. ಐನೂರು ಮೈಲಿ ಓಟದ ಪ್ರತಿ ಸುತ್ತಿನಲ್ಲೂ ಕಾರುಗಳು ಅದರ ಬಳಿ ಬಂದಾಗ ವೇಗ ತಗ್ಗಿಸಿಯೇ ಮುಂದೆ ಹೋಗಬೇಕು.